ಜ್ಯಾಗ್ ಅಥವಾ ಎನ್‌ಸಿಐಎಸ್: ಯಾವುದನ್ನು ನೋಡುವುದು?

ಅಮೆರಿಕದ ನೌಕಾಪಡೆಯ ಅಪರಾಧ ಪ್ರಕರಣಗಳ ಟಿವಿ ಸರಣಿ ಬೇಕೆಂದರೆ ಆಯ್ಕೆ ಸಾಮಾನ್ಯವಾಗಿ ಇವೆರಡರ ನಡುವೆ. ಎನ್‌ಸಿಐಎಸ್ ಮೊದಲು ಕಾಣಿಸಿಕೊಂಡದ್ದೇ ಜ್ಯಾಗ್‌ನ ಎಂಟನೇ ಸೀಸನ್ನಿನ ಎರಡು ಕಂತುಗಳಲ್ಲಿ.

ಜ್ಯಾಗ್‌ನ (1995–2005) ನಾಯಕರು ಸಮವಸ್ತ್ರ ತೊಟ್ಟ ವಕೀಲರು. ತನಿಖೆ ಮುಗಿದರೂ ಕೋರ್ಟ್ ಮಾರ್ಷಲ್ (ಸೇನಾ ನ್ಯಾಯಾಲಯದ ವಿಚಾರಣೆ) ಬಾಕಿ ಇರುತ್ತದೆ. ಮುಖ್ಯ ವಕೀಲರಾದ ಹಾರ್ಮ್ ಮತ್ತು ಮ್ಯಾಕ್ ಎಷ್ಟೋ ಸಲ ಎದುರುಬದುರು ನಿಂತು ವಾದಿಸುತ್ತಾರೆ. ಮ್ಯಾಕ್ ಬರುವುದು ಎರಡನೇ ಸೀಸನ್ನಿನಲ್ಲಿ, ಕಥೆಗೆ ಹಿಡಿತ ಬರುವುದೂ ಆಗಲೇ. ಹಾಗಾಗಿ ಮೊದಲ ಸೀಸನ್ ನೋಡಿ ಕೈಬಿಡಬೇಡಿ.

2003ರಲ್ಲಿ ಶುರುವಾದ ಎನ್‌ಸಿಐಎಸ್‌ನಲ್ಲಿ ಗಿಬ್ಸ್ ತಂಡದವರು ಸಮವಸ್ತ್ರವಿಲ್ಲದ ನಾಗರಿಕ ಏಜೆಂಟರು. ಶವಪರೀಕ್ಷೆ ಡಕ್ಕಿಯದು, ಲ್ಯಾಬ್ ಆಬಿಯದು, ಸುಮಾರು 42 ನಿಮಿಷದಲ್ಲಿ ಪ್ರಕರಣ ಹೆಚ್ಚಾಗಿ ಇತ್ಯರ್ಥ. ಎರಡನೇ ಸೀಸನ್ನಿನಿಂದ ಕಂತಿನೊಳಗಿನ ಪ್ರತಿ ಭಾಗದ ಆರಂಭದಲ್ಲಿ ಬರುವ ಕಪ್ಪು-ಬಿಳುಪು ಸ್ತಬ್ಧಚಿತ್ರವನ್ನು ಗಮನಿಸಿ: ಆ ಭಾಗ ಮುಗಿಯುವುದು ಅದೇ ಚಿತ್ರದಲ್ಲಿ. ಸುಳಿವನ್ನು ಮೊದಲೇ ಕೈಗಿತ್ತು ಊಹಿಸಲು ಬಿಡುವ ಈ ಜಾಣತನ ತುಂಬ ಸೊಗಸು.

ಕಾನೂನಿನ ಜಟಾಪಟಿ ಇಷ್ಟವಾದರೆ ಜ್ಯಾಗ್. ಕೊಲೆಯ ಒಗಟು ಬೇಕಿದ್ದರೆ ಎನ್‌ಸಿಐಎಸ್ಸೇ ಸರಿ. ಆದರೆ ಎರಡನೇ ಸೀಸನ್ನಿನ ಕೊನೆಯ ಕಂತು, ಮೂರನೆಯದರ ಮೊದಲೆರಡು ಕಂತುಗಳನ್ನು ಒಟ್ಟಿಗೆ ನೋಡಿ. ಬಿಟ್ಟರೆ ಹೊಸ ಸದಸ್ಯೆ ಜೀವಾ ಗಿಬ್ಸ್ ತಂಡಕ್ಕೆ ಯಾಕೆ ಬಂದಳೆಂಬುದೇ ತಿಳಿಯುವುದಿಲ್ಲ.