ಆರ್ಚರ್ ಟಿ3ಯು ಪ್ಲಸ್: ಡಾಂಗಲ್ ಒಳ್ಳೆಯದು, ಸಿಕ್ಕಿಸುವ ಜಾಗ ಸರಿಯಿರಲಿ

ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಡೆಸ್ಕ್‌ಟಾಪ್ ಜೋಡಿಸಿಕೊಂಡು ಬರುವವರು ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಎಲ್ಲವನ್ನೂ ಅಳೆದು ತೂಗಿ ಆರಿಸುತ್ತಾರೆ. ಮದರ್‌ಬೋರ್ಡಿನಲ್ಲಿ ವೈಫೈ ಇದೆಯಾ ಎಂದು ಕೇಳುವುದನ್ನು ಮಾತ್ರ ಮರೆಯುತ್ತಾರೆ. ಮನೆಗೆ ಬಂದರೆ ಫೈಬರ್ ರೂಟರ್ ಮುಂಬಾಗಿಲ ಪಕ್ಕದಲ್ಲಿ, ಕಂಪ್ಯೂಟರ್ ಒಳಗಿನ ರೂಮಿನಲ್ಲಿ. ಬಾಡಿಗೆ ಮನೆಯ ಗೋಡೆ ಕೊರೆದು ಲ್ಯಾನ್ ಕೇಬಲ್ ಎಳೆಯಲು ಓನರ್ ಒಪ್ಪುವುದಿಲ್ಲ. ಆಗ ಉಳಿಯುವ ದಾರಿ ಯುಎಸ್‌ಬಿ ಡಾಂಗಲ್, ಅಂದರೆ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ಪುಟ್ಟ ವೈಫೈ ಸಾಧನ. ಅಂಥವರಿಗೆ ಟಿಪಿ-ಲಿಂಕ್‌ನ ಆರ್ಚರ್ ಟಿ3ಯು ಪ್ಲಸ್ ತಗೊಳ್ಳಿ ಎಂದು ಧೈರ್ಯವಾಗಿ ಹೇಳಬಹುದು. ಆದರೆ ಒಂದು ಮಾತು: ಇಂಥ ಡಾಂಗಲ್ ಬಗ್ಗೆ ಬರುವ ದೂರುಗಳಲ್ಲಿ ಬಹುಪಾಲು ಡಾಂಗಲ್‌ನವೇ ಅಲ್ಲ, ಅದನ್ನು ಸಿಕ್ಕಿಸಿದ ಪೋರ್ಟ್‌ನವು.

ಮೊದಲು ವಸ್ತುವಿನ ವಿಚಾರ. ಡಬ್ಬಿಯ ಮೇಲಿನ ಎಸಿ1300 ಅಂದರೆ 5 ಗಿಗಾಹರ್ಟ್ಸ್‌ನಲ್ಲಿ 867 ಎಂಬಿಪಿಎಸ್, 2.4 ಗಿಗಾಹರ್ಟ್ಸ್‌ನಲ್ಲಿ 400. ಎರಡನ್ನೂ ಕೂಡಿಸಿ ಮೇಲಕ್ಕೆ ಸುತ್ತಿಸಿದ ಸಂಖ್ಯೆ ಅದು. ಒಂದು ಹೊತ್ತಿಗೆ ಒಂದೇ ಬ್ಯಾಂಡ್ ಓಡುವುದರಿಂದ 1300 ಯಾರಿಗೂ ಸಿಗುವುದಿಲ್ಲ. 867 ಕೂಡ ಲಿಂಕ್ ವೇಗ, ಅಂದರೆ ಡಾಂಗಲ್ಲಿಗೂ ರೂಟರಿಗೂ ನಡುವಿನ ಕಾಗದದ ಮೇಲಿನ ವೇಗ. ಫೈಲ್ ಇಳಿಯುವ ನಿಜವಾದ ವೇಗ ಒಳ್ಳೆಯ ಸಿಗ್ನಲ್ ಇದ್ದರೂ ಅದರ ಅರ್ಧ, ಹೆಚ್ಚೆಂದರೆ ಇನ್ನು ಸ್ವಲ್ಪ ಮೇಲೆ. 100 ಅಥವಾ 200 ಎಂಬಿಪಿಎಸ್ ಪ್ಲಾನ್ ಇರುವ ಮನೆಗೆ ಅದು ಧಾರಾಳ. ಹೊರಗೆ ಮಡಚುವ 5 ಡಿಬಿಐ ಆಂಟೆನಾ, ಒಳಗೆ ರಿಯಲ್‌ಟೆಕ್ 8812ಬಿಯು ಚಿಪ್, ಯುಎಸ್‌ಬಿ 3.0 ಪಿನ್.

ಇದರ ತಮ್ಮ ಟಿ2ಯು ನ್ಯಾನೋ ಸಾವಿರ ರೂಪಾಯಿ ಒಳಗೆ ಸಿಗುತ್ತದೆ, ಬೆರಳಿನ ಉಗುರಿನಷ್ಟು ದೊಡ್ಡದು. ಲ್ಯಾಪ್‌ಟಾಪಿಗೆ ಅದು ಸರಿ, ಡೆಸ್ಕ್‌ಟಾಪಿಗೆ ಬೇಡ. ಅಷ್ಟು ಚಿಕ್ಕ ಆಂಟೆನಾ ಕ್ಯಾಬಿನೆಟ್ಟಿನ ಹಿಂಭಾಗದಲ್ಲಿ, ತಗಡಿಗೆ ಅಂಟಿಕೊಂಡು, ಗೋಡೆಗೆ ಮುಖ ಮಾಡಿ ಕೂತರೆ ಮುಂದಿರುವ ರೂಟರ್ ಅದಕ್ಕೆ ಕಾಣುವುದೇ ಇಲ್ಲ. ಪ್ಲಸ್‌ಗೆ ಇನ್ನೂ ಕೆಲವು ನೂರು ಹೆಚ್ಚು ಕೊಡಬೇಕು. ಕೊಡಿ.

ಈಗ ಪೋರ್ಟ್ ವಿಚಾರಕ್ಕೆ ಬರೋಣ. ಯುಎಸ್‌ಬಿ 3.0 ಡಾಂಗಲ್ ಅಲ್ಲವೇ ಎಂದು ಎಲ್ಲರೂ ಹಿಂದಿನ ನೀಲಿ ಪೋರ್ಟಿಗೇ ಸಿಕ್ಕಿಸುತ್ತಾರೆ. ಆ ಪೋರ್ಟಿನಲ್ಲಿ ಓಡುವ 5 ಗಿಗಾಬಿಟ್ ಡಾಟಾದ ಗದ್ದಲ 2.4 ಗಿಗಾಹರ್ಟ್ಸ್ ಬ್ಯಾಂಡಿಗೂ ಚೆಲ್ಲುತ್ತದೆ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ವರದಿ ಕೊಟ್ಟಿದೆ. ಪಕ್ಕದ ಪೋರ್ಟಿನಲ್ಲಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇದ್ದು, ಅದರಿಂದ ಫೈಲ್ ಕಾಪಿ ಆಗುವಾಗಲೇ ವೈಫೈ ಕಡಿದುಹೋಗುತ್ತಿದ್ದರೆ ಅಥವಾ ವೈರ್‌ಲೆಸ್ ಮೌಸ್ ತಡವರಿಸುತ್ತಿದ್ದರೆ ಕಾರಣ ಇದೇ. ಮುಂಭಾಗದ ಪೋರ್ಟಿನದು ಇನ್ನೊಂದು ಕಥೆ. ಅಲ್ಲಿಗೆ ಮದರ್‌ಬೋರ್ಡಿನಿಂದ ತೆಳು ಕೇಬಲ್ ಬಂದಿರುತ್ತದೆ. ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ವೋಲ್ಟೇಜ್ ಇಳಿದು, ಡೌನ್‌ಲೋಡ್ ಜೋರಾದ ತಕ್ಷಣ ಡಾಂಗಲ್ ಕಣ್ಮರೆಯಾಗಿ ‘ಟಿಂಗ್’ ಎಂದು ಮತ್ತೆ ಹಾಜರಾಗುತ್ತದೆ.

ಪರಿಹಾರ ಸುಲಭ. ಒಂದು ಮೀಟರ್ ಉದ್ದದ, ಸ್ವಲ್ಪ ದಪ್ಪನೆಯ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ತಂದು, ಹಿಂಭಾಗದ ಪೋರ್ಟಿನಿಂದ ಡಾಂಗಲ್ಲನ್ನು ಮೇಜಿನ ಮೇಲಕ್ಕೆ ತನ್ನಿ. ರೂಟರ್ ಇರುವ ದಿಕ್ಕಿಗೆ, ಕಬ್ಬಿಣದ ಬೀರುವಿನಿಂದ ದೂರ, ಆಂಟೆನಾ ನೆಟ್ಟಗೆ. ಪ್ಲಾನ್ 200 ಎಂಬಿಪಿಎಸ್ ದಾಟದಿದ್ದರೆ ಕಪ್ಪು ಯುಎಸ್‌ಬಿ 2.0 ಪೋರ್ಟೇ ಮೇಲು. ಅದರ ಹೆದ್ದಾರಿ 480 ಎಂಬಿಪಿಎಸ್, ಕೈಗೆ ಸಿಗುವುದು ಮುನ್ನೂರರ ಆಸುಪಾಸು. ನಿಮ್ಮ ಇಂಟರ್ನೆಟ್ಟಿಗೆ ಸಾಕು, ಗದ್ದಲವೂ ಇಲ್ಲ.

ಜಾಗ ಬದಲಿಸಿದ್ದರಿಂದ ಉಪಯೋಗ ಆಯಿತೋ ಇಲ್ಲವೋ ಎಂದು ಊಹಿಸುತ್ತಾ ಕೂರಬೇಡಿ, ಅಳೆಯಿರಿ. ಕಮಾಂಡ್ ಪ್ರಾಂಪ್ಟಿನಲ್ಲಿ ‘ನೆಟ್‌ಎಸ್‌ಎಚ್ ಡಬ್ಲ್ಯೂಲ್ಯಾನ್ ಶೋ ಇಂಟರ್‌ಫೇಸಸ್’ (netsh wlan show interfaces) ಕೊಟ್ಟರೆ ಚಾನೆಲ್, ರಿಸೀವ್ ರೇಟ್, ಸಿಗ್ನಲ್ ಮೂರೂ ಕಾಣುತ್ತವೆ. ವಿಂಡೋಸ್ ತೋರಿಸುವ ನೂರು ಪರ್ಸೆಂಟ್ ಅಂದರೆ ಮೈನಸ್ 50 ಡಿಬಿಎಂ (ಸಿಗ್ನಲ್ ಬಲದ ಅಳತೆ), ಎಪ್ಪತ್ತು ಅಂದರೆ ಮೈನಸ್ 65. ಎಪ್ಪತ್ತರ ಮೇಲಿದ್ದರೆ ನಿಶ್ಚಿಂತೆ, ಐವತ್ತರ ಕೆಳಗಿಳಿದರೆ ವಿಡಿಯೋ ಕಾಲ್ ನಂಬುವಂತಿಲ್ಲ.

ಆಮೇಲೆ ‘ಐಪಿಕಾನ್ಫಿಗ್’ (ipconfig) ಕೊಟ್ಟು ಡಿಫಾಲ್ಟ್ ಗೇಟ್‌ವೇ, ಅಂದರೆ ರೂಟರಿನ ವಿಳಾಸ ನೋಡಿಕೊಂಡು, ಎರಡು ಕಿಟಕಿಯಲ್ಲಿ ಎರಡು ಪಿಂಗ್ (ping, ಉತ್ತರ ಬರಲು ಎಷ್ಟು ಹೊತ್ತು ಎಂದು ಅಳೆಯುವ ಕಮಾಂಡ್) ಓಡಿಸಿ: ಒಂದು ಆ ವಿಳಾಸಕ್ಕೆ, ಇನ್ನೊಂದು ಗೂಗಲ್‌ನ 8.8.8.8ಕ್ಕೆ, ಎರಡಕ್ಕೂ ಕೊನೆಯಲ್ಲಿ ‘-ಟಿ’ (-t) ಸೇರಿಸಿ. ರೂಟರಿನ ಉತ್ತರ ನಾಲ್ಕೈದು ಮಿಲಿಸೆಕೆಂಡಿನಲ್ಲಿ ಸ್ಥಿರವಾಗಿದ್ದು ಎರಡನೆಯದು ಮಾತ್ರ ತಪ್ಪುತ್ತಿದ್ದರೆ ಡಾಂಗಲ್ ನಿರಪರಾಧಿ, ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ. ರೂಟರಿನ ಉತ್ತರವೇ ಇನ್ನೂರು, ಮುನ್ನೂರಕ್ಕೆ ಜಿಗಿಯುತ್ತಿದ್ದರೆ ತೊಂದರೆ ನಿಮ್ಮ ರೂಮಿನಲ್ಲೇ ಇದೆ. ಈ ಐದು ನಿಮಿಷದ ಪರೀಕ್ಷೆ ಮಾಡದೆಯೇ ಎಷ್ಟೋ ಒಳ್ಳೆಯ ಡಾಂಗಲ್‌ಗಳು ಕಸಕ್ಕೆ ಹೋಗುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಬಿಟಿಎಂ ಲೇಔಟ್, ಮಾರತಹಳ್ಳಿ ಕಡೆಯ ಒತ್ತೊತ್ತಾದ ಪಿಜಿ, ಅಪಾರ್ಟ್‌ಮೆಂಟುಗಳಲ್ಲಿ 2.4 ಗಿಗಾಹರ್ಟ್ಸ್ ಅಂದರೆ ಸಂಜೆಯ ಸಿಲ್ಕ್ ಬೋರ್ಡ್ ಜಂಕ್ಷನ್. ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಅಕ್ಕಪಕ್ಕದವರೆಲ್ಲ ಅವುಗಳಲ್ಲೇ ಇರುತ್ತಾರೆ. ರೂಟರಿನಲ್ಲಿ ಎರಡು ಬ್ಯಾಂಡಿಗೆ ಬೇರೆ ಬೇರೆ ಹೆಸರು ಕೊಟ್ಟು ಡೆಸ್ಕ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ಮಾತ್ರ ಸೇರಿಸಿ. ಚಾನೆಲ್ ‘ಆಟೋ’ದಲ್ಲಿ ಬಿಡದೆ 36ರಿಂದ 48 ಅಥವಾ 149ರಿಂದ 161ರ ನಡುವೆ ನಿಲ್ಲಿಸಿ. 52ರಿಂದ 144ರವರೆಗಿನವು ರಾಡಾರ್ ಜೊತೆ ಹಂಚಿಕೊಂಡ ಚಾನೆಲ್‌ಗಳು. ಅಲ್ಲಿ ರೂಟರ್ ಬಾಯಿ ತೆರೆಯುವ ಮುಂಚೆ ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಕೇಳಬೇಕು. ಕರೆಂಟ್ ಹೋಗಿ ಬಂದ ಮೇಲೆ 5 ಗಿಗಾಹರ್ಟ್ಸ್ ಹೆಸರು ತಡವಾಗಿ ಕಾಣಿಸುವುದು ಇದರಿಂದಲೇ. ಹಳೆಯ ಡಾಂಗಲ್ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಸೇರದಿದ್ದರೆ ರೂಟರ್ ಡಬ್ಲ್ಯೂಪಿಎ3 ಎಂಬ ಹೊಸ ಭದ್ರತಾ ವಿಧಾನ ಒಂದರಲ್ಲೇ ಇದೆಯಾ ನೋಡಿ, ಡಬ್ಲ್ಯೂಪಿಎ2 ಕೂಡ ಒಪ್ಪುವಂತೆ ಬದಲಿಸಿ.

ಇನ್ನು ಡ್ರೈವರ್, ಅಂದರೆ ಡಾಂಗಲ್ಲನ್ನು ವಿಂಡೋಸ್‌ಗೆ ಪರಿಚಯಿಸುವ ಸಾಫ್ಟ್‌ವೇರ್. ಹೊಸ ಕಂಪ್ಯೂಟರಿಗೆ ಇಂಟರ್ನೆಟ್ ಬೇಕೆಂದರೆ ಡ್ರೈವರ್ ಬೇಕು, ಡ್ರೈವರ್ ತರಲು ಇಂಟರ್ನೆಟ್ ಬೇಕು. ಆಂಡ್ರಾಯ್ಡ್ ಮೊಬೈಲನ್ನು ಡಾಟಾ ಕೇಬಲ್‌ನಿಂದ ಜೋಡಿಸಿ ‘ಯುಎಸ್‌ಬಿ ಟೆಥರಿಂಗ್’ ಆನ್ ಮಾಡಿ. ವಿಂಡೋಸ್ ಅದನ್ನು ಬೇರೆ ಡ್ರೈವರ್ ಕೇಳದೆ ಗುರುತಿಸುತ್ತದೆ, ಆಗ ಟಿಪಿ-ಲಿಂಕ್ ಸೈಟಿನಿಂದ ಇಳಿಸಿಕೊಳ್ಳಿ. ಡಾಂಗಲ್ಲಿನ ಮೇಲೆ ಬರೆದಿರುವ ಹಾರ್ಡ್‌ವೇರ್ ವರ್ಷನ್‌ಗೆ ಹೊಂದುವುದನ್ನೇ ಆರಿಸಬೇಕು. ಡಿವೈಸ್ ಮ್ಯಾನೇಜರ್‌ನಲ್ಲಿ ‘ಪವರ್ ಮ್ಯಾನೇಜ್‌ಮೆಂಟ್’ ಟ್ಯಾಬಿಗೆ ಹೋಗಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ. ಪವರ್ ಆಪ್ಷನ್ಸ್‌ನಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಕೂಡ ನಿಲ್ಲಿಸಿ. ಸ್ಲೀಪ್‌ನಿಂದ ಎದ್ದ ಮೇಲೆ ವೈಫೈ ಸಿಗುತ್ತಿಲ್ಲ ಎನ್ನುವವರಿಗೆ ಸಾಮಾನ್ಯವಾಗಿ ಇವೆರಡೇ ಮದ್ದು. ವಿಂಡೋಸ್ ಅಪ್‌ಡೇಟ್ ಆದ ಮಾರನೆಯ ದಿನದಿಂದ ಕೆಟ್ಟಿದ್ದರೆ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ.

ಡಿವೈಸ್ ಮ್ಯಾನೇಜರ್‌ನಲ್ಲಿ ಕೋಡ್ 10 ಅಥವಾ ಕೋಡ್ 43 ಎಂಬ ದೋಷ ಬಂದಾಗ ಶಟ್‌ಡೌನ್ ಮಾಡಿ ಆನ್ ಮಾಡಿದೆ, ಏನೂ ಆಗಲಿಲ್ಲ ಎನ್ನುತ್ತಾರೆ. ಆಗುವುದೂ ಇಲ್ಲ. ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ಜೊತೆಗೆ ಆಫ್ ಆದ ಮೇಲೂ ಎಸ್‌ಎಂಪಿಎಸ್ (ಕ್ಯಾಬಿನೆಟ್ಟಿನೊಳಗಿನ ಪವರ್ ಸಪ್ಲೈ) ಸ್ಟ್ಯಾಂಡ್‌ಬೈ 5 ವೋಲ್ಟ್ ಕೊಡುತ್ತಲೇ ಇರುತ್ತದೆ, ಎಷ್ಟೋ ಬೋರ್ಡುಗಳಲ್ಲಿ ಅದು ಯುಎಸ್‌ಬಿ ಪೋರ್ಟಿಗೂ ಹೋಗುತ್ತದೆ. ಹಾಗಾಗಿ ಹ್ಯಾಂಗ್ ಆದ ಚಿಪ್ ಹ್ಯಾಂಗ್ ಆಗಿಯೇ ಉಳಿಯುತ್ತದೆ. ಡಾಂಗಲ್ ಕಿತ್ತು, ಹಿಂದಿನ ಎಸ್‌ಎಂಪಿಎಸ್ ಸ್ವಿಚ್ ಆಫ್ ಮಾಡಿ, ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿದು, ಮತ್ತೆ ಆನ್ ಮಾಡಿ ಬೇರೆ ಪೋರ್ಟಿಗೆ ಸಿಕ್ಕಿಸಿ. ಆಮೇಲೂ ಅದೇ ಕೋಡ್ ಬಂದರೆ ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿ. ಅಲ್ಲೂ ಬಂದರೆ ಮಾತ್ರ ವಾರಂಟಿಗೆ ಒಯ್ಯಿರಿ.

ಲಿನಕ್ಸ್‌ನವರಿಗೆ: ಕರ್ನಲ್ 6.2ರಿಂದ ಈ ಚಿಪ್‌ನ ಡ್ರೈವರ್ ಒಳಗೇ ಇದೆ, 6.8 ಕರ್ನಲ್‌ನ ಉಬುಂಟು 24.04ರಲ್ಲಿ ಸಿಕ್ಕಿಸಿದರೆ ಸಾಕು. 5.15ರಲ್ಲೇ ಉಳಿದಿರುವ ಯಂತ್ರಕ್ಕೆ ಹೊರಗಿನ ಡ್ರೈವರ್ ಕಂಪೈಲ್ ಮಾಡಬೇಕು, ಸೆಕ್ಯೂರ್ ಬೂಟ್ ಆನ್ ಇದ್ದರೆ ಅದಕ್ಕೆ ಸಹಿಯನ್ನೂ ಹಾಕಬೇಕು.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿಸಿ. ಹೆಸರಿಲ್ಲದ ಡಾಂಗಲ್‌ಗಳ ಮೇಲೆ 1200 ಎಂದು ಸ್ಟಿಕರ್ ಇರುತ್ತದೆ, ಒಳಗೆ 2.4 ಮಾತ್ರ ಬಲ್ಲ ಚಿಪ್. ಕೌಂಟರಿನ ಕಂಪ್ಯೂಟರಿಗೆ ಸಿಕ್ಕಿಸಿ ‘ನೆಟ್‌ಎಸ್‌ಎಚ್ ಡಬ್ಲ್ಯೂಲ್ಯಾನ್ ಶೋ ಡ್ರೈವರ್ಸ್’ (netsh wlan show drivers) ಕೊಡಿ. ‘ರೇಡಿಯೋ ಟೈಪ್ಸ್’ ಸಾಲಿನಲ್ಲಿ 802.11ಎಸಿ ಕಾಣದಿದ್ದರೆ ವಾಪಸ್ ಕೊಡಿ. ಡಿವೈಸ್ ಮ್ಯಾನೇಜರ್‌ನ ಹಾರ್ಡ್‌ವೇರ್ ಐಡಿಯಲ್ಲಿ ಅಸಲಿ ಟಿ3ಯು ಪ್ಲಸ್‌ಗೆ ವಿಐಡಿ (ಕಂಪನಿಯ ಗುರುತು) 2357, ಪಿಐಡಿ (ಮಾಡೆಲಿನ ಗುರುತು) 0138 ಇರುತ್ತದೆ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

300 ಎಂಬಿಪಿಎಸ್ ಮೇಲಿನ ಪ್ಲಾನ್ ಇದ್ದು ವೈಫೈ 6 ರೂಟರ್ ಇದ್ದರೆ ಡಾಂಗಲ್ ಬಿಟ್ಟು ಮದರ್‌ಬೋರ್ಡಿನ ಮೇಲೆ ಕೂರುವ ಪಿಸಿಐಇ ವೈಫೈ ಕಾರ್ಡಿಗೆ ಹೋಗಿ, ಇಂಟೆಲ್ ಎಎಕ್ಸ್210 ಇರುವುದು ಉತ್ತಮ. ಎಎಕ್ಸ್211 ಅಗ್ಗವಾಗಿ ಸಿಕ್ಕಿತೆಂದು ತರಬೇಡಿ. ಅದರ ಅರ್ಧ ಕೆಲಸ ಮದರ್‌ಬೋರ್ಡಿನ ಇಂಟೆಲ್ ಚಿಪ್‌ಸೆಟ್ ಕಡೆಯೇ ನಡೆಯುವುದರಿಂದ ಎಎಂಡಿ ಬೋರ್ಡಿನಲ್ಲಿ, ಮಾಮೂಲಿ ಪಿಸಿಐಇ ಅಡಾಪ್ಟರಿನಲ್ಲಿ ಅದು ಜೀವ ತಾಳುವುದಿಲ್ಲ. ಕೊಳ್ಳುವ ಮೊದಲು ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಒಂದು ಪಿಸಿಐಇ ಸ್ಲಾಟ್ ಖಾಲಿ ಇದೆಯಾ ನೋಡಿಕೊಳ್ಳಿ. ಕಾರ್ಡಿನ ಜೊತೆ ಬರುವ ಸಣ್ಣ ವೈರನ್ನು ಮದರ್‌ಬೋರ್ಡಿನ ಒಂಬತ್ತು ಪಿನ್‌ನ ಯುಎಸ್‌ಬಿ ಹೆಡರ್‌ಗೆ ಹಾಕದಿದ್ದರೆ ವೈಫೈ ಬರುತ್ತದೆ, ಬ್ಲೂಟೂತ್ ಬರುವುದಿಲ್ಲ.