ಓಡೋಕೆ ಯಾವುದು: ಜೈಪುರ ಕಾಲೋ, ಬ್ಲೇಡೋ?

ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡು ಓಟಕ್ಕೆ ಇಳಿಯಬೇಕು ಅನ್ನುವವರಿಗೆ ಮೊದಲು ಎದುರಾಗುವ ಪ್ರಶ್ನೆ, ಈ ಎರಡು ಕೃತಕ ಕಾಲುಗಳಲ್ಲಿ ಯಾವುದು ಅನ್ನೋದೇ ಅಲ್ವಾ?

1968ರ ಸುಮಾರಿಗೆ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ವೈದ್ಯ ಡಾ. ಪಿ.ಕೆ. ಸೇಠಿ ರೂಪಿಸಿದ ಜೈಪುರ ಕಾಲಿನ ಪಾದ ರಬ್ಬರಿನದು. ಚಪ್ಪಲಿ ಇಲ್ಲದೆ ಕೆಸರುಗದ್ದೆಗೆ ಇಳಿಯಬಹುದು, ಚಕ್ಕಳಮಕ್ಕಳ ಹಾಕಿ ಕೂರಬಹುದು, ಜೈಪುರದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಇದನ್ನು ಉಚಿತವಾಗಿಯೇ ಕೊಡುತ್ತದೆ. ದಿನದ ಓಡಾಟಕ್ಕೆ ನಾನು ಇದನ್ನೇ ಹೇಳುತ್ತೇನೆ. ವೇಗದ ಓಟಕ್ಕೆ ಮಾತ್ರ ಸಾಲದು.

ಬ್ಲೇಡ್ ಕಾರ್ಬನ್ ಫೈಬರಿನದು, ಹಿಮ್ಮಡಿಯೇ ಇಲ್ಲ. ಊರಿದಾಗ ಬಾಗುತ್ತದೆ, ಎತ್ತುವಾಗ ಸ್ಪ್ರಿಂಗಿನಂತೆ ಮುಂದಕ್ಕೆ ತಳ್ಳುತ್ತದೆ. ಅದರ ಬಿಗಿ ನಿಮ್ಮ ತೂಕಕ್ಕೆ ಹೊಂದಲೇಬೇಕು: ಮೆತ್ತಗಿದ್ದರೆ ಜಾಸ್ತಿ ಕುಸಿಯುತ್ತದೆ, ತೀರಾ ಗಟ್ಟಿಯಾದರೆ ಬಾಗುವುದೇ ಇಲ್ಲ, ಏಟೆಲ್ಲ ಕಳೆದುಕೊಂಡ ಕಾಲಿನಲ್ಲಿ ಉಳಿದ ಭಾಗದ ತುದಿಗೆ ಬೀಳುತ್ತದೆ. ಸುಮ್ನೆ ನಿಲ್ಲೋದು ಕಷ್ಟ. ಬೆಲೆಯೂ ದುಬಾರಿ.

ಯಾವುದೇ ಆರಿಸಿ, ಸಾಕೆಟ್, ಅಂದರೆ ಕಾಲಿನ ಉಳಿದ ಭಾಗ ಒಳಗೆ ಕೂರುವ ಬಟ್ಟಲು, ಸರಿಯಾಗಿ ಕೂರದಿದ್ದರೆ ಚರ್ಮ ಉಜ್ಜಿ ಹುಣ್ಣಾಗುತ್ತದೆ, ಓಟ ನಿಂತೇ ಹೋಗುತ್ತದೆ. ಹಾಗಾಗಿ ದುಡ್ಡು ಕಡಿಮೆ ಇದ್ದರೆ ಮೊದಲು ಒಳ್ಳೆ ಸಾಕೆಟ್ ಮಾಡಿಸಿ, ಓಟ ನಿಜವಾಗಿ ಹಿಡಿಸಿದ ಮೇಲೆ ಬ್ಲೇಡ್ ನೋಡಿ. ಮಕ್ಕಳಿಗಾದರೆ ಬೆಳೆದಂತೆ ಸಾಕೆಟ್ ಬದಲಿಸಬೇಕಾಗುತ್ತದೆ, ಆ ಖರ್ಚನ್ನೂ ಈಗಲೇ ಲೆಕ್ಕ ಹಾಕಿ.