ಗೋಡೆ ಕಲೆಗೆ ಯಾವುದು ವಾಸಿ: ಪಾತ್ರೆ ಲಿಕ್ವಿಡ್, ಅಡುಗೆ ಸೋಡಾ, ಮೆಲಮೈನ್ ಸ್ಪಂಜು?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಬಿಡುವಾಗ ಪೇಂಟಿಂಗ್ ಲೆಕ್ಕದಲ್ಲಿ ಅಡ್ವಾನ್ಸ್‌ನಿಂದ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಮಾಮೂಲು. ಹಾಗಂತ ಇರುವಷ್ಟು ದಿನ ಕಲೆ ನೋಡಿಕೊಂಡೇ ಇರಬೇಕಾ? ಬನಶಂಕರಿಯ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್, ಅಡುಗೆ ಸೋಡಾ, ಮೆಲಮೈನ್ ಸ್ಪಂಜು (ಮ್ಯಾಜಿಕ್ ಸ್ಪಂಜು ಅಂತ ಸಿಗುವ ಬಿಳಿ ಸ್ಪಂಜು) ಮೂರನ್ನೂ ಬಳಸಿ ನೋಡಿದ್ದೇನೆ.

ಮೊದಲು ಒದ್ದೆ ಬಟ್ಟೆಯಿಂದ ಒಂದು ಮೂಲೆ ಒರೆಸಿ. ಬಣ್ಣ ಬಟ್ಟೆಗೆ ಹತ್ತಿದರೆ ಅದು ಡಿಸ್ಟೆಂಪರ್, ಅಂದರೆ ಒದ್ದೆಯಾದರೆ ಬಿಡುವ ಅಗ್ಗದ ಬಣ್ಣ ಇರಬಹುದು. ಅದಕ್ಕೆ ಇವು ಯಾವುವೂ ಬೇಡ. ನಾನು ಹೇಳುವುದು ಎಮಲ್ಷನ್, ಅಂದರೆ ಒರೆಸಿದರೂ ಬಿಡದ ಪ್ಲಾಸ್ಟಿಕ್ ಪೇಂಟ್ ಬಳಿದ ಗೋಡೆಗೆ.

ಒಗ್ಗರಣೆ ಸಿಡಿದ ಜಿಡ್ಡು, ಮಂಚದ ಹಿಂದೆ ತಲೆ ಒರಗಿ ಆದ ಎಣ್ಣೆ ಕಲೆ, ಸ್ವಿಚ್ ಸುತ್ತಲಿನ ಕೈ ಗುರುತು ಇವಕ್ಕೆಲ್ಲ ಪಾತ್ರೆ ಲಿಕ್ವಿಡ್ಡೇ ಗೆದ್ದಿತು. ಬೆಚ್ಚಗಿನ ನೀರಿಗೆ ನಾಲ್ಕೈದು ಹನಿ ಸಾಕು. ಬಟ್ಟೆ ಚೆನ್ನಾಗಿ ಹಿಂಡಿ, ಕೆಳಗಿನಿಂದ ಮೇಲಕ್ಕೆ ಒರೆಸಿ. ಮೇಲಿನಿಂದ ಶುರು ಮಾಡಿದರೆ ಕೊಳೆ ನೀರು ಒಣ ಗೋಡೆ ಮೇಲೆ ಇಳಿದು ಗೆರೆ ಉಳಿಯುತ್ತದೆ. ಕೊನೆಗೆ ಬರೀ ನೀರಿನ ಬಟ್ಟೆ ಆಡಿಸಬೇಕು, ಇಲ್ಲದಿದ್ದರೆ ಸೋಪಿನ ಅಂಟಿಗೆ ಧೂಳು ಕೂರುತ್ತದೆ.

ಸೋಡಾ ಪೇಸ್ಟ್ ಕ್ರೇಯಾನ್ ತೆಗೆಯುತ್ತದೆ, ಆದರೆ ಬಿಳಿ ಪುಡಿ ಒರೆಸಿ ಒರೆಸಿ ಸಾಕಾಗುತ್ತದೆ. ಅರಿಶಿನದ ಕಲೆಗಂತೂ ಹಚ್ಚಲೇಬೇಡಿ. ಅರಿಶಿನಕ್ಕೆ ಸುಣ್ಣ ಬಿದ್ದರೆ ಆರತಿ ನೀರು ಕೆಂಪಾಗುತ್ತದಲ್ವಾ, ಸೋಡಾ ಹಚ್ಚಿದರೂ ಕಲೆ ಹಾಗೇ ಕೆಂಪಿಗೆ ತಿರುಗುತ್ತದೆ. ಲಿಕ್ವಿಡ್‌ನಲ್ಲಿ ಒರೆಸಿ ಬಿಟ್ಟುಬಿಡಿ. ಬಿಸಿಲು ಬೀಳುವ ಗೋಡೆಯಾದರೆ ಉಳಿದ ಹಳದಿ ತಾನೇ ಮಾಸುತ್ತದೆ.

ಪೆನ್ಸಿಲ್, ಕ್ರೇಯಾನ್, ಚಪ್ಪಲಿ ತಗುಲಿದ ಕಪ್ಪು ಗೆರೆಗೆ ಮೆಲಮೈನ್ ಸ್ಪಂಜಿನಷ್ಟು ಬೇಗ ಇನ್ಯಾವುದೂ ಕೆಲಸ ಮಾಡಲಿಲ್ಲ. ಅದು ನಿಜಕ್ಕೂ ತುಂಬಾ ನಯವಾದ ಉಜ್ಜುಕಾಗದ ಇದ್ದ ಹಾಗೆ. ಕಲೆಯ ಜೊತೆ ಪೇಂಟಿನ ಮೇಲ್ಪದರವನ್ನೂ ತೆಗೆಯುತ್ತದೆ, ಹೊಳಪಿನ ಗೋಡೆ ಅಲ್ಲಲ್ಲಿ ಮಂಕಾಗುತ್ತದೆ. ಸಣ್ಣ ಕಲೆಗೆ ಮಾತ್ರ, ಅದೂ ಹಗುರವಾಗಿ ಉಜ್ಜಿ.

ಸೀಲಿಂಗ್ ಕಥೆಯೇ ಬೇರೆ. ಬಾತ್‌ರೂಮ್ ಸೀಲಿಂಗಿನ ಕಪ್ಪು ಬೂಷ್ಟಿಗೆ ನೀರು ಬೆರೆಸಿದ ಬ್ಲೀಚ್ ಸರಿ. ಗ್ಲೌಸ್, ಕನ್ನಡಕ ಹಾಕಿಕೊಳ್ಳಿ, ಕಿಟಕಿ ತೆಗೆದಿಡಿ. ಬ್ಲೀಚನ್ನು ಟಾಯ್ಲೆಟ್ ಆ್ಯಸಿಡ್ ಅಥವಾ ವಿನೆಗರ್ ಜೊತೆ ಎಂದೂ ಸೇರಿಸಬೇಡಿ, ಕ್ಲೋರಿನ್ ವಿಷಗಾಳಿ ಏಳುತ್ತದೆ.

ಮಳೆಗಾಲದಲ್ಲಿ ಟೆರೇಸ್ ಸೋರಿ ಮೂಡುವ ಕಂದು ಉಂಗುರಕ್ಕೆ ಇವು ಯಾವುವೂ ನಾಟಲಿಲ್ಲ. ಮೊದಲು ಸೋರಿಕೆ ನಿಲ್ಲಿಸಿ, ಪೂರ್ತಿ ಒಣಗಲು ಬಿಡಿ. ಆಮೇಲೆ ಕಲೆ ತಡೆಯುವ ಆಯಿಲ್ ಪ್ರೈಮರ್ ಹೊಡೆದು ಪೇಂಟ್ ಮಾಡಿಸಿ. ಸುಮ್ನೆ ನೀರಿನ ಪೇಂಟ್ ಬಳಿದರೆ ಕಂದು ಮತ್ತೆ ಮೇಲೆ ಬರುತ್ತದೆ.